ಅಡಿಸ್ ಅಬಾಬಾದಿಂದ ನೈರೋಬಿಗೆ ಹಗಲು ಹಾರಾಟ

ಇಥಿಯೋಪಿಯಾದ ರಾಜಧಾನಿ ಅಡಿಸ್ ಅಬಾಬಾದಿಂದ ಕೀನ್ಯಾದ ನೈರೋಬಿಗೆ ಆಕಾಶಮಾರ್ಗದಲ್ಲಿ ಸುಮಾರು 1,160 ಕಿಲೋಮೀಟರ್. ಗಡಿ ಪಟ್ಟಣವಾದ ಮೊಯಾಲೆಯ ಮೇಲೆ ಹಾದುಹೋಗುವ ರಸ್ತೆಯಲ್ಲಾದರೆ ಈ ದೂರ 1,500 ಕಿಲೋಮೀಟರನ್ನು ಮೀರುತ್ತದೆ. ವಿಮಾನಕ್ಕೆ ಬೇಕಾಗುವುದು ಎರಡು ಗಂಟೆಯ ಆಸುಪಾಸು. ಅದರಲ್ಲಿಯೂ ಎತ್ತರದಲ್ಲಿ ಪೂರ್ಣ ವೇಗದಿಂದ ಸಾಗುವ ಅವಧಿ ಒಂದು ಗಂಟೆಗಿಂತ ತುಸು ಹೆಚ್ಚಷ್ಟೇ; ಉಳಿದದ್ದು ರನ್‌ವೇಯತ್ತ ಸಾಗುವುದಕ್ಕೆ, ಏರುವುದಕ್ಕೆ, ಇಳಿಯುವುದಕ್ಕೆ ಸಲ್ಲುತ್ತದೆ. ಈ ದಾರಿಯನ್ನು ಕತ್ತಲಲ್ಲಿ ಕಳೆದುಕೊಳ್ಳಬಾರದೆಂದು ನಾನು ಬೆಳಗಿನ ವಿಮಾನವನ್ನೇ ಆರಿಸಿಕೊಂಡೆ.

ಇಥಿಯೋಪಿಯಾದ ಜನ ದಿನದ ಗಂಟೆಗಳನ್ನು ಬೆಳಗಿನಿಂದ ಎಣಿಸುತ್ತಾರೆ. ನಮ್ಮ ಏಳು ಗಂಟೆ ಅವರಿಗೆ ಒಂದು ಗಂಟೆ. ವಿಮಾನದ ಟಿಕೆಟ್‌ನಲ್ಲಿರುವುದು ಅಂತರರಾಷ್ಟ್ರೀಯ ಲೆಕ್ಕವೇ ಆದರೂ, ಟ್ಯಾಕ್ಸಿಯವರಿಗೆ ಹೊತ್ತು ಹೇಳುವಾಗ ಯಾವ ಲೆಕ್ಕವೆಂಬುದನ್ನು ಮೊದಲೇ ಖಚಿತಪಡಿಸಿಕೊಳ್ಳುವುದು ಒಳ್ಳೆಯದು.

ಬೋಲೆ ವಿಮಾನ ನಿಲ್ದಾಣ ಸಮುದ್ರಮಟ್ಟದಿಂದ 2,300 ಮೀಟರಿಗೂ ಎತ್ತರದಲ್ಲಿದೆ. ಅಲ್ಲಿನ ಗಾಳಿ ತೆಳುವಾದ್ದರಿಂದ ವಿಮಾನ ನೆಲ ಬಿಡುವ ಮುನ್ನ ಹೆಚ್ಚು ದೂರ ಓಡಬೇಕಾಗುತ್ತದೆ. ಮೇಲೇರಿ ದಕ್ಷಿಣಕ್ಕೆ ತಿರುಗಿದ ಸ್ವಲ್ಪ ಹೊತ್ತಿಗೆ ಮಹಾ ಬಿರುಕು ಕಣಿವೆಯ ಸರೋವರಗಳು ಒಂದೊಂದಾಗಿ ಕಾಣತೊಡಗಿದವು. ಕಂದು ನೀರಿನ ಲಂಗಾನೊ, ಆಳವಾದ ಶಾಲಾ, ಅವೆರಡರ ನಡುವೆ ಆಳವಿಲ್ಲದ ಅಬಿಜಾಟಾ, ಮತ್ತೂ ದಕ್ಷಿಣಕ್ಕೆ ಬಲಬದಿಯಲ್ಲಿ ಕೆಂಪು ಛಾಯೆಯ ಅಬಾಯಾ: ನೆರೆಹೊರೆಯಲ್ಲೇ ಇದ್ದರೂ ಒಂದರ ಬಣ್ಣ ಇನ್ನೊಂದಕ್ಕಿಲ್ಲ. ಭೂಮಿಯ ಹೊರಪದರ ಲಕ್ಷಾಂತರ ವರ್ಷಗಳಿಂದ ಎರಡು ಬದಿಗೆ ಸರಿಯುತ್ತಿರುವುದರಿಂದ ಉಂಟಾದ ಈ ಕಣಿವೆಯನ್ನು ನಕ್ಷೆಯಲ್ಲಿ ಎಷ್ಟೋ ಸಲ ನೋಡಿದ್ದೆ. ಅದರ ಅಗಲ ಮತ್ತು ಓರೆಗೋಡೆಗಳ ಎತ್ತರ ಮನಸ್ಸಿಗೆ ಇಳಿದದ್ದು ಮಾತ್ರ ಆ ಕಿಟಕಿಯ ಬಳಿ ಕುಳಿತಾಗ.

ಗಡಿ ದಾಟಿದ ಮೇಲೆ ಹಸಿರು ಬತ್ತಿತು. ಉತ್ತರ ಕೀನ್ಯಾದ ಚಲ್ಬಿ ಮರುಭೂಮಿಯ ಬಿಳಿಚಿದ ಬಯಲು, ಅದರಾಚೆ ಒಣ ನೆಲದ ನಡುವೆ ಕಾಡು ಹೊತ್ತು ನಿಂತ ಮಾರ್ಸಾಬಿಟ್ ಬೆಟ್ಟ ಬಿಟ್ಟರೆ ಬಹಳ ಹೊತ್ತು ಕಣ್ಣಿಗೆ ಬೇರೇನೂ ತಾಗಲಿಲ್ಲ. ಭೂಮಧ್ಯರೇಖೆ ಸಮೀಪಿಸುತ್ತಿದ್ದಂತೆ ಎಡಬದಿಯಲ್ಲಿ ಮೋಡದ ಮೇಲೆ ಮೌಂಟ್ ಕೀನ್ಯಾದ ಕಡಿದಾದ ಶಿಖರಗಳು ಎದ್ದು ನಿಂತವು. 5,199 ಮೀಟರ್ ಎತ್ತರದ ಈ ಪರ್ವತಕ್ಕಿಂತ ಎತ್ತರದ್ದು ಆಫ್ರಿಕಾದಲ್ಲಿ ಕಿಲಿಮಂಜಾರೋ ಒಂದೇ. ಸೀಟು ಆರಿಸುವವರಿಗೆ ನನ್ನ ಸಲಹೆ ಇಷ್ಟು: ಸರೋವರಗಳಿಗೆ ಬಲಬದಿ, ಪರ್ವತಕ್ಕೆ ಎಡಬದಿ, ಒಂದನ್ನೇ ಆರಿಸಬೇಕಾದರೆ ನಾನು ಬಲಬದಿಯನ್ನೇ ಆರಿಸುವೆ, ಏಕೆಂದರೆ ಪರ್ವತವನ್ನು ಮೋಡ ಮುಚ್ಚಿಬಿಡುವುದೇ ಹೆಚ್ಚು.

ಎರಡು ನಗರಗಳೂ ಒಂದೇ ಕಾಲವಲಯದಲ್ಲಿ, ಭಾರತಕ್ಕಿಂತ ಎರಡೂವರೆ ಗಂಟೆ ಹಿಂದೆ ಇರುವುದರಿಂದ, ಇಳಿದಾಗ ಗಡಿಯಾರವನ್ನು ಮುಟ್ಟುವ ಅಗತ್ಯವಿರಲಿಲ್ಲ. ಜೋಮೋ ಕೆನ್ಯಾಟಾ ನಿಲ್ದಾಣದಿಂದ ನಗರದ ನಡುಭಾಗಕ್ಕೆ ಇನ್ನೂ ಸುಮಾರು 15 ಕಿಲೋಮೀಟರ್ ಉಳಿದಿರುತ್ತದೆ. ಮೊಂಬಾಸಾ ರಸ್ತೆಯ ವಾಹನ ದಟ್ಟಣೆಯಲ್ಲಿ ಸಿಲುಕಿದರೆ ಆ ಸಣ್ಣ ದೂರಕ್ಕೇ ಗಂಟೆ ಹಿಡಿಯಬಹುದು. ಹಾಗಾಗಿ ಟೋಲ್ ಕಟ್ಟಿಯಾದರೂ 2022ರಲ್ಲಿ ತೆರೆದ ಎಕ್ಸ್‌ಪ್ರೆಸ್‌ವೇಯಲ್ಲಿ ಹೋಗುವುದೇ ಲೇಸು.