ಉಬುಂಟು ಹಾಕಿದ್ರ ವ್ಯಾಲೊರಂಟ್ ಓಡ್ತದೇನ್ರಿ?

ಬೆಳಗಾವಿ, ಬಾಗಲಕೋಟೆ ಕಡೆಯ ಇಂಜಿನಿಯರಿಂಗ್ ಹುಡುಗರು ಲಿನಕ್ಸ್ (ಉಬುಂಟು ಅದರದೇ ಒಂದು ರೂಪ) ಅಂದ ಕೂಡಲೇ ಕೇಳುವುದು ಇದನ್ನೇ. ಉತ್ತರ: ಇಲ್ಲರಿ, ಓಡಂಗಿಲ್ಲ. ವಿಂಡೋಸಿನ ಗೇಮುಗಳನ್ನು ಲಿನಕ್ಸಿನಲ್ಲಿ ಓಡಿಸುವ ವೈನ್, ಪ್ರೋಟಾನ್ ಇರಲಿ, ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರಿನಂತೆ ಓಡುವ ವರ್ಚುವಲ್ ಮಷೀನ್ ಇರಲಿ, ಯಾವುದರಲ್ಲೂ ಇಲ್ಲ.

ತಪ್ಪು ನಿಮ್ಮ ಗ್ರಾಫಿಕ್ಸ್ ಕಾರ್ಡಿನದಲ್ಲ. ಪ್ರೋಟಾನ್ ದುಭಾಷಿ ಇದ್ದಂತೆ. ಗೇಮು ವಿಂಡೋಸಿಗೆ ಕೇಳುವುದನ್ನು ಲಿನಕ್ಸಿಗೆ ತಿಳಿಸಿಕೊಡುತ್ತದೆ. ಆದರೆ ವ್ಯಾಲೊರಂಟ್ ಜೊತೆಗೆ ಬರುವ ಆಂಟಿ-ಚೀಟ್ (ಆಟದಲ್ಲಿ ಮೋಸ ಹಿಡಿಯುವ ಸಾಫ್ಟ್‌ವೇರ್) ವ್ಯಾನ್‌ಗಾರ್ಡ್, ವಿಂಡೋಸ್ ಬೂಟ್ ಆಗುವಾಗಲೇ ಅದರ ತಿರುಳಾದ ಕರ್ನೆಲ್ಲಿನೊಳಗೆ ಹೋಗಿ ಕೂರುವ ಡ್ರೈವರ್. ಲಿನಕ್ಸಿನಲ್ಲಿ ಆ ಕರ್ನೆಲ್ಲೇ ಇಲ್ಲ, ಕೂರುವುದೆಲ್ಲಿ? 2024ರಲ್ಲಿ ಲೀಗ್ ಆಫ್ ಲೆಜೆಂಡ್ಸ್‌ಗೂ ವ್ಯಾನ್‌ಗಾರ್ಡ್ ಬಂತು, ವೈನ್‌ನಲ್ಲಿ ಆಡುತ್ತಿದ್ದವರ ಆಟ ಅಲ್ಲಿಗೆ ಮುಗಿಯಿತು.

ಈಸಿ ಆಂಟಿ-ಚೀಟ್ ಮತ್ತು ಬ್ಯಾಟಲ್‌ಐ ಎಂಬ ಬೇರೆ ಆಂಟಿ-ಚೀಟ್‌ಗಳ ಕಥೆ ಬೇರೆ. 2021ರ ಸೆಪ್ಟೆಂಬರಿನಿಂದ ಇವೆರಡೂ ಪ್ರೋಟಾನ್‌ನಲ್ಲಿ ಕೆಲಸ ಮಾಡಬಲ್ಲವು, ಗೇಮಿನ ಕಂಪನಿ ಅನುಮತಿ ಕೊಟ್ಟರೆ ಮಾತ್ರ. ಎಲ್ಡೆನ್ ರಿಂಗ್‌ಗೆ ಕೊಟ್ಟಿದ್ದಾರೆ. ಅಪೆಕ್ಸ್ ಲೆಜೆಂಡ್ಸ್‌ಗೆ ಕೊಟ್ಟು, 2024ರ ಅಕ್ಟೋಬರ್ 31ರಂದು ವಾಪಸ್ ತೆಗೆದುಕೊಂಡರು. ಈಸಿ ಆಂಟಿ-ಚೀಟ್ ಎಪಿಕ್ ಕಂಪನಿಯದೇ, ಆದರೂ ತನ್ನ ಫೋರ್ಟ್‌ನೈಟ್‌ಗೇ ಅದು ಬಾಗಿಲು ತೆರೆದಿಲ್ಲ! ಗೇಮ್ ಕಂಪನಿಗಳ ಅನುಮಾನಕ್ಕೂ ಕಾರಣವಿದೆ: ಲಿನಕ್ಸಿನಲ್ಲಿ ಕರ್ನೆಲ್ಲನ್ನೇ ಬೇಕಾದಂತೆ ಬದಲಿಸಿ ಕಂಪೈಲ್ ಮಾಡಬಹುದು. ಕಣದ ಮಣ್ಣನ್ನು ಪೈಲವಾನನೇ ಹದಮಾಡಿ ತಂದರೆ ಪಂಚರು ಏನಂತ ನಂಬಬೇಕು? ಕೌಂಟರ್-ಸ್ಟ್ರೈಕ್ 2, ಡೋಟಾ 2 ಆಡುವವರಿಗೆ ಈ ತಂಟೆಯೇ ಇಲ್ಲ. ಅವುಗಳ ಲಿನಕ್ಸ್ ಆವೃತ್ತಿಯೇ ಇದೆ.

ಅನುಮತಿ ಇದ್ದರೂ ಗೇಮು ಆಂಟಿ-ಚೀಟ್ ಎರರ್ ಕೊಟ್ಟು ಬಿದ್ದರೆ, ಗೇಮ್ ಕೊಳ್ಳುವ, ಓಡಿಸುವ ಆ್ಯಪ್ ಆದ ಸ್ಟೀಮ್‌ನ ಲೈಬ್ರರಿಯ ಟೂಲ್ಸ್‌ನಲ್ಲಿ ‘ಪ್ರೋಟಾನ್ ಈಸಿಆಂಟಿಚೀಟ್ ರನ್‌ಟೈಮ್’ ಅಥವಾ ‘ಪ್ರೋಟಾನ್ ಬ್ಯಾಟಲ್‌ಐ ರನ್‌ಟೈಮ್’ ಇನ್‌ಸ್ಟಾಲ್ ಆಗಿದೆಯೇ ನೋಡಿ. ಆಮೇಲೆ ಗೇಮ್ ಫೈಲುಗಳನ್ನು ವೆರಿಫೈ ಮಾಡಿ. ಗೇಮನ್ನು ವಿಂಡೋಸಿನ ಎನ್‌ಟಿಎಫ್‌ಎಸ್ ಡ್ರೈವಿನಿಂದಲೇ ಓಡಿಸಬೇಡಿ. ಪ್ರೋಟಾನ್ ತನ್ನ ಫೋಲ್ಡರಿನಲ್ಲಿ ‘ಸಿ’ ಅಕ್ಷರದ ನಂತರ ಕೋಲನ್ ಇರುವ ಲಿಂಕ್ ಮಾಡುತ್ತದೆ, ವಿಂಡೋಸಿಗೆ ಆ ಹೆಸರು ಆಗಿಬರುವುದಿಲ್ಲ. ಇಎಕ್ಸ್‌ಟಿ4 ಎಂಬ ಲಿನಕ್ಸ್ ಪಾರ್ಟಿಷನ್ನಿನಲ್ಲಿ ಹಾಕಿ.

ವ್ಯಾಲೊರಂಟ್ ಬೇಕೇ ಬೇಕೆಂದರೆ ಒಂದೇ ಕಂಪ್ಯೂಟರಿನಲ್ಲಿ ವಿಂಡೋಸ್, ಲಿನಕ್ಸ್ ಎರಡನ್ನೂ ಇಟ್ಟುಕೊಳ್ಳುವ ಡ್ಯುಯಲ್ ಬೂಟ್ ಒಂದೇ ದಾರಿ. ವಿಂಡೋಸ್ 11ರಲ್ಲಿ ಅದು ಟಿಪಿಎಂ 2.0 (ಭದ್ರತಾ ಚಿಪ್), ಸೆಕ್ಯೂರ್ ಬೂಟ್ (ಸಹಿ ಇರುವ ಸಾಫ್ಟ್‌ವೇರನ್ನಷ್ಟೇ ಬೂಟ್ ಆಗಲು ಬಿಡುವ ವ್ಯವಸ್ಥೆ) ಎರಡನ್ನೂ ಕೇಳುತ್ತದೆ. ಸೆಕ್ಯೂರ್ ಬೂಟ್ ಆನ್ ಇದ್ದರೂ ಉಬುಂಟು ಏಳುತ್ತದೆ, ತಂಟೆ ಎನ್‌ವಿಡಿಯಾ ಡ್ರೈವರಿನದು. ಡ್ರೈವರ್ ಹಾಕುವಾಗ ಉಬುಂಟು ಪಾಸ್‌ವರ್ಡ್ ಕೇಳಿದರೆ ಬರೆದಿಟ್ಟುಕೊಳ್ಳಿ. ರೀಬೂಟ್ ಮಾಡಿದಾಗ ನೀಲಿ ಪರದೆ ಬರುತ್ತದೆ. ಸಿಸ್ಟಮ್ ಕ್ರ್ಯಾಶ್ ಆಯಿತೆಂದು ಗಾಬರಿಯಾಗಿ ಎಂಟರ್ ಒತ್ತಿದರೆ ಕೆಟ್ಟಿತು. ಮೊದಲ ಸಾಲು ‘ಕಂಟಿನ್ಯೂ ಬೂಟ್’, ಡ್ರೈವರ್ ಲೋಡ್ ಆಗದೆ ಉಳಿಯುತ್ತದೆ. ‘ಎನ್‌ರೋಲ್ ಮೋಕ್’ (ಡ್ರೈವರಿನ ಸಹಿಯ ಕೀಲಿಯನ್ನು ನೋಂದಾಯಿಸುವ ಆಯ್ಕೆ) ಆರಿಸಿ, ಕಂಟಿನ್ಯೂ, ಯೆಸ್, ಆಮೇಲೆ ಆ ಪಾಸ್‌ವರ್ಡ್. ಟೈಪ್ ಮಾಡುವಾಗ ಪರದೆಯ ಮೇಲೆ ಏನೂ ಕಾಣದಿದ್ದರೂ ನಿಲ್ಲಿಸಬೇಡಿ.

ಶಟ್‌ಡೌನ್ ಮಾಡಿದರೂ ವಿಂಡೋಸನ್ನು ಅರೆನಿದ್ದೆಯಲ್ಲಿಡುವ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡುವುದನ್ನು ಮರೆಯಬೇಡಿ. ಇಲ್ಲದಿದ್ದರೆ ಲಿನಕ್ಸಿನಿಂದ ವಿಂಡೋಸ್ ಡ್ರೈವಿನ ಫೈಲು ಓದಬಹುದು, ಬರೆಯಲು ಬಿಡುವುದಿಲ್ಲ.