500 ಮೀಟರ್ ಬಫರ್ ಹಾಕಿ ಬೈಸಿಕೊಂಡಿದ್ದು

ನನ್ನದು ನಕ್ಷೆ ಮಾಡುವ ಕೆಲಸ. ಹಕ್ಕಿಗಳ ಸಂರಕ್ಷಣಾ ಯೋಜನೆಗೆ ನಕ್ಷೆ ಮಾಡಲು ಗದಗ ಜಿಲ್ಲೆಯ ಮಾಗಡಿ ಕೆರೆ ನನ್ನ ಪಾಲಿಗೆ ಬಂದಾಗ, ಇದೇನು ಮಹಾ ಅನ್ನಿಸಿತ್ತು. ಸುಮಾರು 50 ಹೆಕ್ಟೇರಿನ ಕೆರೆ. ದಡದಿಂದ ಸುತ್ತಲೂ 500 ಮೀಟರ್ ಬಫರ್, ಅಂದರೆ ಕಾಪಾಡಬೇಕಾದ ಅಂಚಿನ ಪಟ್ಟಿ, ಹಾಕಿದೆ, ಹಸಿರು ಬಣ್ಣ ತುಂಬಿದೆ, ಮುಗೀತು.

ಊರವರ ಮುಂದೆ ಹಾಳೆ ಹರವಿದಾಗ ಹಿರಿಯರೊಬ್ಬರು ಬಗ್ಗಿ ನೋಡಿದರು. ‘ಯವ್ವಾ, ಹಕ್ಕಿ ನಿನ್ನ ಗೆರಿ ನೋಡಿ ಮೇಯಾಕ ಹೋಗ್ತಾವೇನು?’

ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ಮುಖ ಸಣ್ಣದಾಯಿತು. ಈ ಕೆರೆ ಹೆಸರಾಗಿರುವುದೇ ಪಟ್ಟೆ ತಲೆಯ ಹೆಬ್ಬಾತಿನಿಂದ. ಹಿಮಾಲಯ ದಾಟಿ ಚಳಿಗಾಲಕ್ಕೆ ಸಾವಿರಾರು ಬರುತ್ತವೆ. 2024ರಲ್ಲಿ ಕೆರೆ ರಾಮ್ಸಾರ್ ಪಟ್ಟಿಗೂ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೂ, ಸೇರಿತು. ಆದರೆ ಹೆಬ್ಬಾತು ಮೀನು ಹಿಡಿಯುವ ಹಕ್ಕಿಯಲ್ಲ, ಹೊಲದಲ್ಲಿ ಮೇಯುವ ಹಕ್ಕಿ. ಹಗಲು ನೀರಲ್ಲಿ ತೂಕಡಿಸಿ, ಹೊತ್ತು ಇಳಿದ ಮೇಲೆ ಕಡಲೆ, ಶೇಂಗಾ ಹೊಲಗಳಿಗೆ ಹಾರುತ್ತದೆ. ಅವು ಒರಗುವ ಜಾಗ ನನ್ನ ಗೆರೆಯೊಳಗೆ, ಉಣ್ಣುವ ಜಾಗ ಆಚೆಗೆ!

ತಪ್ಪು ಇನ್ನೂ ಇತ್ತು. ಏರಿಯ ಕೆಳಗಿನ ಹೊಲಗಳ ನೀರು ಕೆರೆಗೆ ಬರುವುದೇ ಇಲ್ಲ. ಅವನ್ನೂ ಸುಮ್ನೆ ಹಸಿರು ಮಾಡಿದ್ದೆ. ಮೇಲಿನ ಹಳ್ಳ ಮಾತ್ರ ದೂರದ ಹೊಲಗಳ ಗೊಬ್ಬರ, ಔಷಧಿ ಎಲ್ಲ ಹೊತ್ತು ತರುತ್ತದೆ. ಅದು ನಕ್ಷೆಯಲ್ಲೇ ಇರಲಿಲ್ಲ.

‘ಹಸಿರು ಬಳದ್ರ ಹೊಲಾ ಹೋತು ಅಂತ ತಿಳ್ಕೋಬೇಕೇನು?’ ಅಂತ ಇನ್ನೊಬ್ಬರು ಕೇಳಿದರು. ಹೆದರಿಕೆ ಸಹಜವೇ, ಅಲ್ವಾ? ಕಾನೂನಿನ ಪ್ರಕಾರ ಸಂರಕ್ಷಣಾ ಮೀಸಲು ಘೋಷಿಸುವುದು ಸರ್ಕಾರಿ ಜಾಗದಲ್ಲಿ, ಪಟ್ಟಾ ಜಮೀನಿನಲ್ಲಲ್ಲ. ಅದನ್ನು ಮೊದಲೇ ಹೇಳಬೇಕಿತ್ತು. ನಾನು ಬಣ್ಣ ತೋರಿಸಿ ಕೂತಿದ್ದೆ.

ಮರುದಿನ ನಸುಕಿನಲ್ಲೇ, ಹಕ್ಕಿಯ ಮಾತು ಕೇಳಿದ್ದ ಆ ಅಜ್ಜನ ಹಿಂದೆ ಹೊರಟೆ. ಮೊಳಕೆ ಕಡಲೆ ತಿಂದು ಹಾಳು ಮಾಡುತ್ತವೆ ಅಂತ ಒಬ್ಬರು, ಹಿಕ್ಕೆ ಒಳ್ಳೆ ಗೊಬ್ಬರ ಅಂತ ಪಕ್ಕದ ಹೊಲದವರು. ಇಬ್ಬರ ಮಾತನ್ನೂ ಬರೆದುಕೊಂಡೆ. ಬೆಳೆ ನಷ್ಟದ ಲೆಕ್ಕವಿಲ್ಲದೆ ಇಂಥ ಯೋಜನೆಗೆ ರೈತರು ಯಾಕೆ ಒಪ್ಪಬೇಕು?

ಹೊಸ ಹಾಳೆಯಲ್ಲಿ ದುಂಡನೆ ಬಫರ್ ಇಲ್ಲ. ಮೊದಲು ಹಳ್ಳ ಎಳೆದೆ, ಆಮೇಲೆ ಏರಿ, ಆಮೇಲೆ ಹಕ್ಕಿ ಇಳಿಯುವ ಹೊಲಗಳು. ಪಕ್ಕದಲ್ಲೊಂದು ಖಾಲಿ ಕಾಲಂ ಬಿಟ್ಟೆ: ಯಾವ ತಿಂಗಳು, ಯಾವ ಬೆಳೆ. ಅಜ್ಜ ಬದುವಿನ ಮೇಲೆ ನಿಂತು ಒಂದೊಂದೇ ಹೊಲ ತೋರಿಸುತ್ತಾ ಹೋದರು, ನಾನು ಸರ್ವೆ ನಂಬರ್ ಹುಡುಕಿ ತುಂಬುತ್ತಾ ಹೋದೆ.