ಕಿಕ್ ಲ್ಯಾಪ್‌ಟಾಪಿನದು, ಗಿಟಾರ್ ಜಾಗ ಬಿಡಲಿ: ತುಮಕೂರಿನ ಸ್ಟೇಜಿಗೆ ಇಡಿಎಂ-ರಾಕ್ ಸೆಟಪ್

ಇಡಿಎಂ (ಕುಣಿಸೋ ಎಲೆಕ್ಟ್ರಾನಿಕ್ ಸಂಗೀತ) ಜೊತೆ ರಾಕ್ ಗಿಟಾರ್ ಸೇರಿಸೋ ಬ್ಯಾಂಡು ರೂಮಲ್ಲಿ ಚೆನ್ನಾಗಿ ಕೇಳಿಸಿ ಸ್ಟೇಜ್ ಮೇಲೆ ಗದ್ದಲ ಆಗೋದಕ್ಕೆ ಬಹುಪಾಲು ಒಂದೇ ಕಾರಣ: ಗಿಟಾರಿನವರು ಏನನ್ನೂ ಬಿಟ್ಟುಕೊಟ್ಟಿರಲ್ಲ. ಕೆಳಗಿನ ಬೇಸ್ ಜಾಗ ಪೂರ್ತಿ ಲ್ಯಾಪ್‌ಟಾಪಿನ ಕಿಕ್‌ಗೂ (ಬೀಟು ಹಿಡಿಯೋ ದೊಡ್ಡ ಡ್ರಮ್ಮಿನ ಗುದ್ದು) ಸಿಂತ್ ಬೇಸ್‌ಗೂ (ಎಲೆಕ್ಟ್ರಾನಿಕ್ ಆಗಿ ಹುಟ್ಟಿಸಿದ ತಗ್ಗು ಸ್ವರ) ಸೇರಿದ್ದು ಅಂತ ಮೊದಲೇ ಒಪ್ಪಿಕೊಂಡರೆ ಅರ್ಧ ಕೆಲಸ ಮುಗೀತು. ಉಳಿದರ್ಧ ಕೇಬಲ್ಲು, ಕರೆಂಟು, ಸೌಂಡ್‌ನವರ ಜೊತೆ ಮಾತು. ಕಾಲೇಜ್ ಫೆಸ್ಟು, ಗಣೇಶನ ಪೆಂಡಾಲು, ಅಮಾನಿಕೆರೆಯ ಗಾಜಿನ ಮನೆ, ಇಂಥ ಕಡೆ ನುಡಿಸೋ ಬ್ಯಾಂಡುಗಳನ್ನು ಮನಸ್ಸಲ್ಲಿಟ್ಟುಕೊಂಡು ಇದನ್ನ ಬರೆದಿದ್ದೇವೆ.

ಮೊದಲು ಶ್ರುತಿ. ಗಿಟಾರಿನವರಿಗೆ ‘ಇ’ ಅಂದ್ರೆ ಪ್ರೀತಿ, ದಪ್ಪ ತಂತಿ ಹಾಗೇ ಬಿಟ್ಟು ಬಾರಿಸಬಹುದಲ್ಲ. ಆ ತಂತಿ 82 ಹರ್ಟ್ಜ್, ಅಂದ್ರೆ ಸೆಕೆಂಡಿಗೆ 82 ಕಂಪನ. ಅದರ ಒಂದು ಸ್ಥಾಯಿ ಕೆಳಗೆ ಸಿಂತ್ ಬೇಸ್ ಕೂತರೆ 41 ಹರ್ಟ್ಜ್. ಬಾಡಿಗೆಗೆ ಬರೋ 18 ಇಂಚಿನ ಬೇಸ್ ಬಾಕ್ಸ್‌ಗಳಲ್ಲಿ ಹೆಚ್ಚಿನವು 45ರ ಆಸುಪಾಸಿನಿಂದ ಕೆಳಕ್ಕೆ ಕೈಚೆಲ್ಲುತ್ತವೆ. ಹಾಗಾಗಿ ಹೆಡ್‌ಫೋನಿನಲ್ಲಿ ಎದೆ ನಡುಗಿಸಿದ ಡ್ರಾಪ್ (ಬೀಟೂ ಬೇಸೂ ಒಟ್ಟಿಗೆ ಬಂದು ಬೀಳೋ ಜಾಗ), ಮೈದಾನದಲ್ಲಿ ಗಾಳಿ ಊದಿದ ಹಾಗೆ ಬರುತ್ತೆ. ಹಾಡನ್ನ ಜಿ ಅಥವಾ ಎ ಶ್ರುತಿಗೆ ಕೂರಿಸಿ. ಜಿ ಅಂದ್ರೆ 49 ಹರ್ಟ್ಜ್, ಎ ಅಂದ್ರೆ 55. ಎರಡೂ ಆ ಬಾಕ್ಸುಗಳಿಗೆ ಒಗ್ಗುತ್ತವೆ, ಎ ಆದರೆ ಗಿಟಾರಿನ ಐದನೇ ತಂತಿ 110ರಲ್ಲಿ ಬಿಟ್ಟ ತಂತಿಯಾಗೇ ಸಿಗುತ್ತೆ. ಡ್ರಾಪ್-ಡಿ (ದಪ್ಪ ತಂತಿಯನ್ನ ಡಿಗೆ ಇಳಿಸೋ ಶ್ರುತಿ) ಬಿಡೋಕಾಗಲ್ಲ ಅನ್ನೋರು ಬೇಸ್ ಟ್ರ್ಯಾಕಿಗೆ ಸ್ವಲ್ಪ ಸ್ಯಾಚುರೇಶನ್ (ಮೇಲಿನ ಸ್ವರಗಳನ್ನ ಹುಟ್ಟಿಸೋ ಸಣ್ಣ ಒಡಕು) ಹಾಕಬೇಕು. 37 ಹರ್ಟ್ಜ್‌ನ ಮೂಲಸ್ವರ ಬಾಕ್ಸಿನಿಂದ ಬರದಿದ್ದರೂ ಅದರ ಮೇಲಿನ 73, 110 ಬರುತ್ತವೆ, ಕಿವಿ ಉಳಿದದ್ದನ್ನ ತಾನೇ ತುಂಬಿಕೊಳ್ಳುತ್ತೆ.

ಈಗ ಗಿಟಾರ್ ಟೋನ್. 120 ಹರ್ಟ್ಜ್‌ನಲ್ಲಿ ಹೈಪಾಸ್ (ಅದಕ್ಕಿಂತ ಕೆಳಗಿನದು ಕಟ್), 300ರಿಂದ 400ರ ನಡುವೆ 3 ಡಿಬಿ ಕಡಿತ, ಮೇಲೆ 6ರಿಂದ 7 ಕಿಲೋಹರ್ಟ್ಜ್‌ನಲ್ಲಿ ಲೋಪಾಸ್ (ಅದಕ್ಕಿಂತ ಮೇಲಿನದು ಕಟ್). ಒಂಟಿಯಾಗಿ ಕೇಳಿದರೆ ಬಡಕಲು ಅನ್ನಿಸುತ್ತೆ, ಅನ್ನಿಸಲೇಬೇಕು. ಸೌಂಡ್‌ಚೆಕ್‌ನಲ್ಲಿ ಗಿಟಾರಿನವರು ಒಬ್ಬರೇ ಬಾರಿಸಿ ‘ದಪ್ಪ ಸಾಲ್ತಿಲ್ಲ’ ಅಂತ ಬೇಸ್ ತಿರುಗಿಸೋದೇ ಮಿಕ್ಸ್ ಕೆಡೋ ಮೊದಲ ಹೆಜ್ಜೆ. ಟೋನ್ ತೀರ್ಮಾನ ಮಾಡಬೇಕಾದ್ದು ಕಿಕ್ಕೂ ಸಿಂತೂ ಓಡ್ತಿರುವಾಗ ಮಾತ್ರ. ಗೇನ್ ಕೂಡ ಮನೆಯಲ್ಲಿಟ್ಟಿದ್ದಕ್ಕಿಂತ ಮೂರನೇ ಒಂದು ಭಾಗ ಇಳಿಸಿ. ಡಿಸ್ಟಾರ್ಷನ್ ಜಾಸ್ತಿಯಾದಷ್ಟೂ ಶಬ್ದ ಚಪ್ಪಟೆಯಾಗುತ್ತೆ, ಪಾಮ್‌ಮ್ಯೂಟ್ ಮಾಡಿದ (ಅಂಗೈ ಅಂಚು ತಂತಿಗೆ ಒತ್ತಿ ಬಾರಿಸಿದ) ಹೊಡೆತದ ಅಂಚು ಹೋಗುತ್ತೆ. ಇಡಿಎಂನಲ್ಲಿ ಗಿಟಾರಿನಿಂದ ಬೇಕಾಗಿರೋದೇ ಆ ಅಂಚು. ಪೂರ್ತಿ ಕಾರ್ಡ್ ಬೇಡ, ಮೂಲಸ್ವರ ಮತ್ತು ಪಂಚಮ ಎರಡೇ ಸಾಕು. ಹೈ ಗೇನ್ ಒಳಗೆ ಗಾಂಧಾರ ಸೇರಿಸಿದರೆ ಸ್ವರಗಳು ಒಂದಕ್ಕೊಂದು ಗುದ್ದಾಡಿ ಬೇಡದ ಸ್ವರಗಳನ್ನ ಹುಟ್ಟಿಸಿ ಕೆಸರಾಗುತ್ತೆ. ಆ ಗಾಂಧಾರ ಸಿಂತ್ ನುಡಿಸಲಿ, ಅದೂ ಒಂದು ಸ್ಥಾಯಿ ಮೇಲೆ.

ಈ ಜಾಗ ಹಂಚಿಕೆ ಹೊಸದೇನಲ್ಲ. ಇಂಗ್ಲೆಂಡಿನ ದಿ ಪ್ರಾಡಿಜಿ, ಪರ್ತ್‌ನಿಂದ ಬಂದ ಪೆಂಡ್ಯುಲಮ್, ನಮ್ಮಲ್ಲಿ ವಿಶಾಲ್ ದದ್ಲಾನಿ ಹಾಡುವ ಮುಂಬೈನ ಪೆಂಟಾಗ್ರಾಮ್, ಇವರನ್ನ ಹೆಡ್‌ಫೋನ್ ಹಾಕಿ ಗಿಟಾರ್ ಎಲ್ಲಿ ಸುಮ್ಮನಿದೆ ಅಂತ ಮಾತ್ರ ಗಮನಿಸುತ್ತಾ ಕೇಳಿ. ಪೆಂಟಾಗ್ರಾಮ್‌ನ ಗಿಟಾರಿಸ್ಟ್ ರಾಂಡಾಲ್ಫ್ ಕೊರಿಯಾ ಶಾಯರ್ ಪ್ಲಸ್ ಫಂಕ್‌ನಲ್ಲೂ ಇದ್ದವರು. ಒಬ್ಬರೇ ಎರಡು ಬ್ಯಾಂಡಿಗೆ ಗಿಟಾರನ್ನ ಎಷ್ಟು ಬೇರೆ ಬೇರೆ ಬಳಸಿದ್ದಾರೆ ಅನ್ನೋದು ಕೇಳಿದರೆ ಗೊತ್ತಾಗುತ್ತೆ.

ಡಕಿಂಗ್ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಕಿಕ್ ಬಿದ್ದಾಗಲೆಲ್ಲ ಬೇಸೂ ಸಿಂತೂ ತಲೆ ಬಗ್ಗಿಸಿ ಮೇಲೇಳೋದೇ ಈ ಸಂಗೀತದ ಉಸಿರು. 128 ಬಿಪಿಎಂಗೆ (ನಿಮಿಷಕ್ಕೆ 128 ಬೀಟು) ಕಿಕ್‌ನಿಂದ ಕಿಕ್‌ಗೆ 469 ಮಿಲಿಸೆಕೆಂಡ್. ಸೈಡ್‌ಚೈನ್ ಕಂಪ್ರೆಸರ್‌ಗೆ (ಒಂದು ಶಬ್ದ ಬಂದಾಗ ಇನ್ನೊಂದನ್ನ ತಗ್ಗಿಸೋ ಸಾಧನ) ಅಟ್ಯಾಕ್, ಅಂದ್ರೆ ತಗ್ಗೋ ಹೊತ್ತು, 1ರಿಂದ 3 ಮಿಲಿಸೆಕೆಂಡ್, ರಿಲೀಸ್, ಅಂದ್ರೆ ಮೇಲೇಳೋ ಹೊತ್ತು, 150ರಿಂದ 200 ಇಡಿ. ಸಿಂತ್ ಬೇಸ್ 8ರಿಂದ 10 ಡಿಬಿ ಇಳಿಯಲಿ, ಗಿಟಾರ್ 4ರಿಂದ 6 ಸಾಕು. ರಿಲೀಸ್ 400 ದಾಟಿದರೆ ಶಬ್ದ ಪೂರ್ತಿ ಮೇಲೇಳೋ ಮೊದಲೇ ಮುಂದಿನ ಕಿಕ್ ಬಂದುಬಿಡುತ್ತೆ, ಗಿಟಾರ್ ಸುಮ್ಮನೆ ಸಣ್ಣಗಾದಂತೆ ಕೇಳುತ್ತೆ ಅಷ್ಟೆ. ತೀರಾ ಕಡಿಮೆ ಮಾಡಿದರೆ ಬೇಸ್ ಸ್ವರ ಒಡೆದು ಪಟಪಟ ಅನ್ನುತ್ತೆ. ಬ್ರೇಕ್‌ಡೌನ್‌ನಲ್ಲಿ ಕಿಕ್ ಇಲ್ಲದೆಯೂ ಆ ಉಸಿರಾಟ ಮುಂದುವರಿಯಬೇಕಾದರೆ ಹೊರಗೆ ಕೇಳಿಸದ ಇನ್ನೊಂದು ಕಿಕ್ ಟ್ರ್ಯಾಕ್ ಇಟ್ಟು ಕಂಪ್ರೆಸರ್‌ಗೆ ಅದನ್ನೇ ಕೊಡಿ.

ಲೈವ್ ಗಿಟಾರನ್ನೂ ಹೀಗೆ ಬಗ್ಗಿಸಬೇಕಂದ್ರೆ ಎರಡು ದಾರಿ. ಗಿಟಾರನ್ನ ಲ್ಯಾಪ್‌ಟಾಪ್ ಒಳಗೆ ಹಾಯಿಸಬಹುದು. 48 ಕಿಲೋಹರ್ಟ್ಜ್, 128 ಸ್ಯಾಂಪಲ್ ಬಫರ್ (ಲ್ಯಾಪ್‌ಟಾಪ್ ಒಂದು ಸಲಕ್ಕೆ ತಗೊಳ್ಳೋ ಶಬ್ದದ ತುಣುಕು) ಇಟ್ಟರೆ ಹೋಗಿ ಬರೋಕೆ ಸಾಮಾನ್ಯವಾಗಿ 8-10 ಮಿಲಿಸೆಕೆಂಡ್, ನುಡಿಸೋಕೆ ಅಡ್ಡಿಯಿಲ್ಲ. ಲ್ಯಾಪ್‌ಟಾಪ್ ಏದುಸಿರು ಬಿಡ್ತಿದೆ ಅಂತ ಬಫರ್ 512ಕ್ಕೆ ಏರಿಸಿದರೆ 25 ದಾಟುತ್ತೆ, ಪಿಕ್ ಹೊಡೆದ ಮೇಲೆ ಶಬ್ದ ಬಂದ ಹಾಗಾಗಿ ಗಿಟಾರಿನವರ ತಾಳವೇ ಜಾರುತ್ತೆ. ಎರಡನೇ ದಾರಿ ನಮಗೆ ಹೆಚ್ಚು ಇಷ್ಟ: ಸೌಂಡ್‌ನವರ ಹತ್ತಿರ ಡಿಜಿಟಲ್ ಮಿಕ್ಸರ್ ಇದ್ದರೆ ಗಿಟಾರ್ ಚಾನೆಲ್‌ನ ಕಂಪ್ರೆಸರ್‌ಗೆ ಕೀ ಸೋರ್ಸ್ (ಯಾವ ಶಬ್ದ ಬಂದಾಗ ತಗ್ಗಬೇಕು ಅನ್ನೋದು) ಆಗಿ ಕಿಕ್ ಚಾನೆಲ್ ಆರಿಸಿ. ಅದಕ್ಕೆ ಕಿಕ್ ಬೇರೆ ಲೈನಿನಲ್ಲೇ ಬರಬೇಕು. ಅನಲಾಗ್ ಮಿಕ್ಸರ್ ಆದರೆ ಈ ಆಸೆ ಬಿಟ್ಟು, ಗಿಟಾರಿನವರೇ ಕಿಕ್ ಬೀಳೋ ಜಾಗ ಖಾಲಿ ಬಿಟ್ಟು ಎದುರು ತಾಳದಲ್ಲಿ ಬಾರಿಸಲಿ. ಸತ್ಯ ಹೇಳಬೇಕಂದ್ರೆ ಕಂಪ್ರೆಸರ್‌ಗಿಂತ ಅದೇ ಚೆನ್ನ.

ಡ್ರಮ್ಮರ್ ಇದ್ದರೆ ಕಿಕ್ ಯಾರದು ಅನ್ನೋದು ಮೊದಲೇ ತೀರ್ಮಾನವಾಗಲಿ. ಲ್ಯಾಪ್‌ಟಾಪ್ ಕಿಕ್ಕೂ ಕಾಲಿನ ಕಿಕ್ಕೂ 10-20 ಮಿಲಿಸೆಕೆಂಡ್ ಹಿಂದೆಮುಂದೆ ಬಿದ್ದರೆ ಎರಡೂ ಸೇರಿ ದಪ್ಪವಾಗಲ್ಲ, ಒಂದನ್ನೊಂದು ತಿಂದು ತೆಳ್ಳಗಾಗುತ್ತವೆ. ನಾಲ್ಕೂ ಬೀಟಿಗೆ ಕಿಕ್ ಇರೋ ಭಾಗದಲ್ಲಿ ಲ್ಯಾಪ್‌ಟಾಪ್ ಹೊಡೆಯಲಿ, ಡ್ರಮ್ಮರ್ ಸ್ನೇರ್, ಹೈಹ್ಯಾಟ್, ಟಾಮ್ ನೋಡಿಕೊಳ್ಳಲಿ. ರಾಕ್ ಭಾಗ ಬಂದಾಗ ಟ್ರ್ಯಾಕಿನ ಕಿಕ್ ತೆಗೆದು ಕಾಲಿಗೆ ಬಿಟ್ಟುಕೊಡಿ. ಕ್ಲಿಕ್‌ಗೆ (ಬ್ಯಾಂಡಿನವರ ಕಿವಿಗೆ ಮಾತ್ರ ಕೇಳೋ ತಾಳದ ಟಿಕ್‌ಟಿಕ್) ಹೈಹ್ಯಾಟ್‌ನಂಥ ಶಬ್ದ ಬೇಡ, ನಿಜವಾದ ಹೈಹ್ಯಾಟ್‌ನೊಳಗೆ ಕಳೆದುಹೋಗುತ್ತೆ. ಮರದ ತುಂಡು ಕುಟ್ಟಿದಂಥದ್ದು ಇರಲಿ. ಅದೇ ಟ್ರ್ಯಾಕಿನಲ್ಲಿ ‘ಡ್ರಾಪ್, ಎರಡು, ಮೂರು, ನಾಲ್ಕು’ ಅಂತ ಮಾತಲ್ಲೇ ರೆಕಾರ್ಡ್ ಮಾಡಿಟ್ಟರೆ ಯಾರೂ ಬಾರ್ ಎಣಿಸುತ್ತಾ ಕೂರಬೇಕಿಲ್ಲ.

ತಮಟೆ ಸೇರಿಸೋ ಆಸೆ ಈ ಕಡೆಯ ಪ್ರತಿ ಬ್ಯಾಂಡಿಗೂ ಒಂದಲ್ಲ ಒಂದು ದಿನ ಬರುತ್ತೆ, ಬರಲಿ. ಚಿಕ್ಕಬಳ್ಳಾಪುರದ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ತಂದ ವಾದ್ಯ ಅದು, ಎರಡು ಬಾರ್ ಲೂಪ್ ಮಾಡಿ ಹಿಂದೆ ಒಗೆದರೆ ನಗೆಪಾಟಲು. ತಮಟೆಯ ಚಟಚಟ ಶಬ್ದವೂ ಗಿಟಾರಿನ ಪಿಕ್ ಹೊಡೆತವೂ ಒಂದೇ ಜಾಗದಲ್ಲಿ, ಸುಮಾರು 2ರಿಂದ 4 ಕಿಲೋಹರ್ಟ್ಜ್‌ನಲ್ಲಿ ಕೂರುತ್ತವೆ. ಹಾಗಾಗಿ ತಮಟೆ ಮುಂದೆ ಬಂದಾಗ ಗಿಟಾರ್ ನಿಲ್ಲಬೇಕು. ಬಾರಿಸೋರಿಗೆ ಕಿವಿಗೆ ಕ್ಲಿಕ್ ಹಾಕೋಕೆ ಹೋಗಬೇಡಿ. ಅವರ ಕಾಲ ಹತ್ತಿರ ಒಂದು ಮಾನಿಟರ್ ಇಟ್ಟು ಕಿಕ್ ಜೋರಾಗಿ ಕೊಡಿ. ದೂರದ ದೊಡ್ಡ ಬಾಕ್ಸ್ ಕೇಳಿ ಬಾರಿಸಿದರೆ ಪ್ರತಿ 10 ಮೀಟರಿಗೆ 29 ಮಿಲಿಸೆಕೆಂಡ್ ತಡವಾಗುತ್ತೆ.

ಗಿಟಾರಿನ ಡಿಲೇ (ಪ್ರತಿಧ್ವನಿ) ಪೆಡಲ್ಲಿಗೂ ಇದೇ ಲೆಕ್ಕ. ಚುಕ್ಕೆ ಎಂಟನೇ ಸ್ವರದ (ಮುಕ್ಕಾಲು ಬೀಟಿನ) ಡಿಲೇ ಬೇಕಾದರೆ 45,000ವನ್ನ ಬಿಪಿಎಂನಿಂದ ಭಾಗಿಸಿ. 128ಕ್ಕೆ 351.6 ಮಿಲಿಸೆಕೆಂಡ್. ಕಾಲಲ್ಲಿ ತಟ್ಟಿ 126ಕ್ಕೆ ಕೂತರೆ 357 ಆಯ್ತು, ನಾಲ್ಕನೇ ಪ್ರತಿಧ್ವನಿ ಹೊತ್ತಿಗೆ 22 ಮಿಲಿಸೆಕೆಂಡ್ ಹಿಂದೆ. ಮಿಡಿ ಕೇಬಲ್ (ಶಬ್ದವಲ್ಲ, ಸೂಚನೆ ಒಯ್ಯೋದು) ಎಳೆದು ಲ್ಯಾಪ್‌ಟಾಪಿನ ಕ್ಲಾಕ್ ಕೊಡೋದೇ ಸರಿ. ಅದೇ ಕೇಬಲ್ಲಿನಲ್ಲಿ ಪ್ರೋಗ್ರಾಂ ಚೇಂಜ್ ಕಳಿಸಿದರೆ ಡ್ರಾಪ್ ಬರುವಾಗ ಪ್ಯಾಚ್ (ಉಳಿಸಿಟ್ಟ ಗಿಟಾರ್ ಟೋನ್) ತಾನೇ ಬದಲಾಗುತ್ತೆ. ಟ್ಯೂನಿಂಗ್ ಮಾತ್ರ ಲ್ಯಾಪ್‌ಟಾಪ್ ಮಾಡಿಕೊಡಲ್ಲ. ಸಂಜೆ 4ರ ಬಿಸಿಲಲ್ಲಿ ಕೂರಿಸಿದ ತಂತಿ ರಾತ್ರಿ ತಣ್ಣಗಾದಾಗ ಬಿಗಿದು ಶ್ರುತಿ ಏರುತ್ತೆ, ಸಿಂತ್ ಇದ್ದಲ್ಲೇ ಇರುತ್ತೆ. ಪ್ರತಿ ಹಾಡಿನ ನಡುವೆ ಟ್ಯೂನರ್ ಪೆಡಲ್ ಒತ್ತಿ.

ಇನ್ನು ಲೈನ್. ನಾಲ್ಕು ಔಟ್‌ಪುಟ್ ಇರೋ ಆಡಿಯೋ ಇಂಟರ್‌ಫೇಸ್ (ಲ್ಯಾಪ್‌ಟಾಪಿನ ಶಬ್ದ ಹೊರಗೆ ಕೊಡೋ ಡಬ್ಬಿ) ತಗೊಳ್ಳಿ: 1ರಲ್ಲಿ ಕಿಕ್, 2ರಲ್ಲಿ ಬೇಸ್, 3ರಲ್ಲಿ ಸಿಂತ್ ಮತ್ತು ಉಳಿದದ್ದು, 4ರಲ್ಲಿ ಕ್ಲಿಕ್. ಎಲ್ಲ ಮೋನೋ. ಬಾಡಿಗೆ ಸೆಟ್ಟು ಹೆಚ್ಚಾಗಿ ಮೋನೋದಲ್ಲೇ ಓಡೋದು, ಅಗಲವಾಗಿ ಹರಡಿದ ಸಿಂತ್ ಅಲ್ಲಿ ಒಂದನ್ನೊಂದು ಅಳಿಸಿಕೊಂಡು ಮಾಯವಾಗುತ್ತೆ. ಮನೆಯಲ್ಲೇ ಮೋನೋ ಬಟನ್ ಒತ್ತಿ ಪರೀಕ್ಷಿಸಿ. ಎರಡೇ ಔಟ್‌ಪುಟ್ ಇದ್ದರೆ ಎಡಕ್ಕೆ ಹಾಡು, ಬಲಕ್ಕೆ ಕ್ಲಿಕ್. ಕೇಬಲ್ ತುದಿಗೆ ಟೇಪ್ ಸುತ್ತಿ ಕನ್ನಡದಲ್ಲೇ ‘ಹಾಡು’, ‘ಕ್ಲಿಕ್’ ಅಂತ ಬರೆಯಿರಿ, ಇಲ್ಲಾಂದ್ರೆ ಸ್ಟೀರಿಯೋ ಅಂದುಕೊಂಡು ಎರಡನ್ನೂ ಬಾಕ್ಸಿಗೆ ಬಿಡ್ತಾರೆ.

ಅತಿ ಹೆಚ್ಚು ತಲೆ ತಿನ್ನೋ ತಪ್ಪು ಇನ್ನೊಂದಿದೆ. ಲ್ಯಾಪ್‌ಟಾಪಿನ ಹೆಡ್‌ಫೋನ್ ತೂತಿಗೆ ಸ್ಟೀರಿಯೋ ಪಿನ್ ಹಾಕಿ, ಇನ್ನೊಂದು ತುದಿಯ ಮೂರು ಪಟ್ಟಿಯ ದೊಡ್ಡ ಪಿನ್ನನ್ನ ಮಿಕ್ಸರಿನ ಒಂದೇ ಬ್ಯಾಲೆನ್ಸ್ಡ್ ಚಾನೆಲ್‌ಗೆ ಚುಚ್ಚೋದು. ಬ್ಯಾಲೆನ್ಸ್ಡ್ ಇನ್‌ಪುಟ್ ಎಡದಿಂದ ಬಲವನ್ನ ಕಳೆಯುತ್ತೆ. ಎರಡೂ ಕಡೆ ಸಮವಾಗಿರೋ ಕಿಕ್, ಬೇಸ್, ಹಾಡಿನ ದನಿ ಸೊನ್ನೆಯಾಗಿ, ಬರೀ ರಿವರ್ಬ್ (ಅನುರಣನ) ಮತ್ತು ಬದಿಯ ಸಿಂತ್ ಉಳಿಯುತ್ತೆ. ಎಲ್ಲರೂ ಬಾಕ್ಸ್ ಸುಟ್ಟಿದೆ ಅಂತ ಆಂಪ್ ಬಿಚ್ಚೋಕೆ ಹೊರಡ್ತಾರೆ. ಪಿನ್ ಅರ್ಧ ಹೊರಗೆಳೆದಾಗ ಕಿಕ್ ವಾಪಸ್ ಬಂತು ಅಂದ್ರೆ ರೋಗ ಇದೇ. ಎರಡು ಮೋನೋ ಪಿನ್ನಾಗಿ ಒಡೆಯೋ ಕೇಬಲ್ ಮತ್ತು ಎರಡು ಡಿಐ ಬಾಕ್ಸ್ (ಲೈನನ್ನ ಮಿಕ್ಸರಿಗೆ ಹೊಂದಿಸೋ ಡಬ್ಬಿ) ಬ್ಯಾಗಲ್ಲಿರಲಿ. ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದಾಗ ಪಿನ್ನು, ಕೇಬಲ್ಲು ಜೋಡಿಜೋಡಿಯಾಗೇ ತನ್ನಿ. ಕಾರ್ಯಕ್ರಮದ ದಿನ ಭಾನುವಾರವಾಗಿದ್ದರೆ ತುಮಕೂರಿನ ಬಿ.ಎಚ್. ರೋಡಿನಲ್ಲಿ ಅಂಗಡಿ ಹುಡುಕಿಕೊಂಡು ಓಡೋ ಪರದಾಟ ಬೇಡ.

ಸೌಂಡ್‌ನವರು ಮೊದಲು ಕೇಳೋದು ‘ಪೆನ್‌ಡ್ರೈವ್ ಇದ್ಯಾ?’ ಅಂತ. ‘ಅಣ್ಣಾ, ಡಿಜೆ ಅಲ್ಲ, ಬ್ಯಾಂಡು. ಲ್ಯಾಪ್‌ಟಾಪಿಂದ ಮೂರು ಲೈನು, ಗಿಟಾರ್ ಎರಡು, ಮೈಕ್ ಎರಡು, ಡ್ರಮ್ಸಿಗೆ ನಾಲ್ಕು ಮೈಕ್’ ಅಂತ ಹಿಂದಿನ ದಿನವೇ ಫೋನಲ್ಲಿ ಹೇಳಿ, ಚಾನೆಲ್ ಪಟ್ಟಿ ವಾಟ್ಸಾಪ್ ಮಾಡಿ. ಹೀಗೆ ಹೇಳಿದ್ರೆ ಬೇಡ ಅನ್ನೋರು ಅಪರೂಪ.

ಕರೆಂಟು. ಲ್ಯಾಪ್‌ಟಾಪ್, ಗಿಟಾರ್ ಪ್ರೊಸೆಸರ್, ಇಂಟರ್‌ಫೇಸ್ ಮೂರನ್ನೂ ಮಿಕ್ಸರ್ ಇರೋ ಪಾಯಿಂಟಿನಿಂದಲೇ ತಗೊಳ್ಳಿ, ಲೈಟಿನವರ ಬೋರ್ಡಿನಿಂದ ಬೇಡ. ಎರಡು ಕಡೆಯ ಅರ್ತ್ ಸೇರಿದಾಗಲೇ ಗುಂಯ್ ಶುರು. ಹಮ್ ಬಂದರೆ ಮೊದಲು ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ನೋಡಿ, ನಿಂತರೆ ಕಾರ್ಯಕ್ರಮ ಪೂರ್ತಿ ಬ್ಯಾಟರಿಯಲ್ಲೇ ನಡೆಸಿ. ನಿಲ್ಲದಿದ್ದರೆ ಡಿಐ ಬಾಕ್ಸಿನ ಗ್ರೌಂಡ್ ಲಿಫ್ಟ್ ಒತ್ತಿ. ಆಂಪಿನ ಪ್ಲಗ್‌ನ ಅರ್ತ್ ಪಿನ್ ಮುರಿಯೋ ಉಪಾಯ ಯಾರಾದರೂ ಹೇಳಿದರೆ ಕೇಳಲೇಬೇಡಿ. ಹಮ್ ನಿಲ್ಲುತ್ತೆ ನಿಜ, ಆದರೆ ಒಳಗೆ ಏನಾದರೂ ಲೀಕ್ ಆದರೆ ಆ ಕರೆಂಟು ತಂತಿ ಹಿಡಿದ ಕೈಯಿಂದ ಮೈಕಿಗೆ ತಾಗಿದ ತುಟಿಗೆ ಹರಿಯುತ್ತೆ. ಹಾಡೋ ಮೊದಲು ಮಲ್ಟಿಮೀಟರ್ ಎಸಿಗಿಟ್ಟು ಒಂದು ಮುಳ್ಳು ಗಿಟಾರ್ ತಂತಿಗೆ, ಇನ್ನೊಂದು ಮೈಕಿನ ಜಾಲರಿಗೆ ಹಿಡಿಯಿರಿ. ಒಂದೆರಡು ವೋಲ್ಟ್‌ಗಿಂತ ಜಾಸ್ತಿ ತೋರಿಸಿದರೆ ಕಾರಣ ಸಿಗೋವರೆಗೆ ಯಾರೂ ಮೈಕಿನ ಹತ್ತಿರ ಬಾಯಿ ತರಬಾರದು. ಜನರೇಟರ್‌ಗೆ ಬದಲಾಯಿಸೋ ಅರೆಕ್ಷಣದಲ್ಲಿ ಪ್ರೊಸೆಸರ್ ಆಫ್ ಆಗಿ ಮತ್ತೆ ಏಳುವಷ್ಟರಲ್ಲಿ ಅರ್ಧ ಹಾಡು ಹೋಗಿರುತ್ತೆ. ಕಂಪ್ಯೂಟರಿಗೆ ಇಡೋ 600 ವಿಎ ಯುಪಿಎಸ್ ಒಂದು ಸಾಕು, ಪ್ರೊಸೆಸರ್ ಮತ್ತು ಪೆಡಲ್ ಅದಕ್ಕೆ. ಗಿಟಾರ್ ಆಂಪ್ ಅದಕ್ಕೆ ಹಾಕಬೇಡಿ.

ಲ್ಯಾಪ್‌ಟಾಪಿನಲ್ಲಿ ಏರೋಪ್ಲೇನ್ ಮೋಡ್, ಅಪ್‌ಡೇಟ್ ಬಂದ್, ಯುಎಸ್‌ಬಿ ಪವರ್ ಸೇವಿಂಗ್ ಬಂದ್. ಸಿಂತ್‌ಗಳನ್ನ ಲೈವ್ ಓಡಿಸದೆ ವೇವ್ ಫೈಲ್ ಮಾಡಿಡಿ. ಫೋನಿನಲ್ಲೂ ಎಡಕ್ಕೆ ಹಾಡು ಬಲಕ್ಕೆ ಕ್ಲಿಕ್ ಇರೋ ಇನ್ನೊಂದು ಪ್ರತಿ ಇರಲಿ.

ಗಾಜಿನ ಮನೆಯಂಥ ಜಾಗದಲ್ಲಿ ಗಾಜು ಶಬ್ದವನ್ನ ವಾಪಸ್ ಎಸೆಯುತ್ತೆ. ಕಿಕ್‌ನ ಬಾಲ 150 ಮಿಲಿಸೆಕೆಂಡಿಗೆ ಕತ್ತರಿಸಿ, ಸಿಂತ್‌ನ ರಿವರ್ಬ್ ಪೂರ್ತಿ ತೆಗೆಯಿರಿ, ಗಿಟಾರ್ ಡಿಲೇ ಅರ್ಧಕ್ಕಿಳಿಸಿ. ಬಯಲಿನಲ್ಲಿ ಇದೆಲ್ಲ ವಾಪಸ್ ಹಾಕಬಹುದು. ಅದಕ್ಕೇ ಪ್ರತಿ ಹಾಡಿನ ರಿವರ್ಬ್ ಬೇರೆ ಟ್ರ್ಯಾಕಿನಲ್ಲಿ ರೆಂಡರ್ ಮಾಡಿಡಬೇಕು, ಒಳಗೇ ಬೆರೆಸಿಬಿಟ್ಟರೆ ಸ್ಟೇಜಿನಲ್ಲಿ ತೆಗೆಯೋಕಾಗಲ್ಲ.

ರಾತ್ರಿ 10ಕ್ಕೆ ಮೈಕ್ ಬಂದ್ ಅನ್ನೋದು 2000ದ ಶಬ್ದಮಾಲಿನ್ಯ ನಿಯಮ. ಹಬ್ಬ, ಸಾಂಸ್ಕೃತಿಕ ಕಾರ್ಯಕ್ರಮಕ್ಕೆ 12ರವರೆಗೆ ಸರ್ಕಾರ ಸಡಿಲಿಸಬಹುದು, ಅದೂ ವರ್ಷಕ್ಕೆ 15 ದಿನ ಮೀರದಂತೆ. ಭಾಷಣ, ಸನ್ಮಾನ ಮುಗಿದು ಸ್ಟೇಜ್ ಸಿಗೋದು 9 ದಾಟಿದ ಮೇಲೆ ಅನ್ನೋದು ಇಲ್ಲಿ ಎಲ್ಲರಿಗೂ ಗೊತ್ತು. ಆದ್ದರಿಂದ ಡ್ರಾಪ್ ಇರೋ ಗಟ್ಟಿ ಹಾಡುಗಳನ್ನ ಕೊನೆಗಿಡಬೇಡಿ, ಎರಡನೇ ಹಾಡಿಗೇ ಹೊಡೆಯಿರಿ. ಮುಗಿಸುವಾಗ ಮೊದಲು ಪವರ್ ಆಂಪ್ ಆಫ್ ಆಗಲಿ, ಆಮೇಲೆ ಮಿಕ್ಸರ್, ಕೊನೆಗೆ ಇಂಟರ್‌ಫೇಸ್ ಕೇಬಲ್ ಕೀಳಿ. ಉಲ್ಟಾ ಮಾಡಿದರೆ ಬರೋ ‘ಧಡ್’ ಶಬ್ದಕ್ಕೆ ಟಾಪ್ ಬಾಕ್ಸಿನ ಡಯಾಫ್ರಮ್ ಹರಿದರೆ ಅದರ ಬಿಲ್ ಬ್ಯಾಂಡಿನ ಪೇಮೆಂಟಿನಲ್ಲೇ ಕಟ್.